ಲಾಭ ಉಂಟು, ದುಡ್ಡಿಲ್ಲ: ಗಡಿನಾಡಿನ ಸಣ್ಣ ಉದ್ಯಮಕ್ಕೆ ಹಣದ ಲೆಕ್ಕದ ಸಮಗ್ರ ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಸೋಂಟೆ ಘಟಕ ಇದೆ. ಹೆಚ್ಚಿನದು ನೇಂದ್ರ ಬಾಳೆಕಾಯಿಯದ್ದು, ಬೇಸಗೆಯಲ್ಲಿ ಹಲಸಿನಕಾಯಿಯದ್ದು. ಹೊರಗಿನವರು ಚಿಪ್ಸ್ ಅನ್ನುತ್ತಾರೆ. ಎರಡನೇ ವರ್ಷದ ಲೆಕ್ಕ ಮುಗಿಸಿದ ಆಡಿಟರು "ಪರವಾಗಿಲ್ಲ, ಮೂರೂವರೆ ಲಕ್ಷ ಲಾಭ ಉಂಟು" ಅಂದರು. ಅದೇ ವಾರ ತೆಂಗಿನೆಣ್ಣೆಯವರಿಗೆ ಕೊಡಬೇಕಾದ 18 ಸಾವಿರ ನನ್ನ ಹತ್ತಿರ ಇರಲಿಲ್ಲ. ನನಗೆ ಆಡಿಟರ ಮೇಲೆಯೇ ಸಂಶಯ ಬಂತು.

ಒಂದು ಭಾನುವಾರ ಕೂತು ಹುಡುಕಿದೆ. ಲಾಭ ನಿಜವಾಗಿಯೂ ಇತ್ತು. ಆದರೆ ಅದು ಉಪ್ಪಳದಿಂದ ಪುತ್ತೂರಿನವರೆಗಿನ ಅಂಗಡಿಗಳ ಬಾಕಿಯಲ್ಲಿ, ಮೂಲೆಯ ಎಣ್ಣೆ ಟಿನ್ನುಗಳಲ್ಲಿ, ಕಾಯಿ ಹೆರೆಯುವ ಹೊಸ ಯಂತ್ರದಲ್ಲಿ, ಸ್ವಲ್ಪ ನಮ್ಮ ಮನೆಯ ಮಾಡಿಗೆ ಹಾಕಿದ ಶೀಟಿನಲ್ಲಿ ಇತ್ತು. ಗಲ್ಲಾ ಪೆಟ್ಟಿಗೆಯಲ್ಲಿ ಮಾತ್ರ ಇರಲಿಲ್ಲ. ಲಾಭ ಬೇರೆ, ದುಡ್ಡು ಬೇರೆ ಅಂತ ಅವತ್ತು ತಲೆಗೆ ಹೋಯಿತು. ಆಮೇಲೆ ಒಂದೊಂದಾಗಿ ಸರಿಮಾಡಿಕೊಂಡು ಬಂದದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಅಡಿಕೆ ಹಾಳೆಯ ತಟ್ಟೆಯೋ, ಹೊಲಿಗೆಯೋ, ಹೋಟೆಲೋ ಏನೇ ಆಗಿರಲಿ, ಅಂಕಿ ಬದಲಾಗುತ್ತದೆ, ದಾರಿ ಹೆಚ್ಚುಕಮ್ಮಿ ಇದೇ.

ಹೆಜ್ಜೆ 1: ಮನೆಯ ದುಡ್ಡು, ಕಂಪನಿಯ ದುಡ್ಡು ಬೇರೆ ಮಾಡಿ

ಬ್ಯಾಂಕಿನಲ್ಲಿ ಉದ್ಯಮದ ಹೆಸರಿಗೆ ಒಂದು ಕರೆಂಟ್ ಅಕೌಂಟ್ ಮಾಡಿಸಿ. ಅಂಗಡಿಯ ಮುಂದಿನ ಯುಪಿಐ ಸ್ಕ್ಯಾನರಿನ ದುಡ್ಡು ಅದಕ್ಕೇ ಬೀಳಬೇಕು. ಇದು ಹೇಳಲು ಸುಲಭ. ನಾವು ಒಂದು ವರ್ಷ ನನ್ನ ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಕೋಡನ್ನೇ ಅಂಟಿಸಿಕೊಂಡಿದ್ದೆವು. ಮಗಳ ಶಾಲೆಯ ಫೀಸು, ಗ್ಯಾಸ್ ಸಿಲಿಂಡರ್, ಬಾಳೆಕಾಯಿಯವರ ದುಡ್ಡು ಎಲ್ಲ ಒಂದೇ ಪಾಸ್‌ಬುಕ್ಕಿನಲ್ಲಿ. ವರ್ಷದ ಕೊನೆಗೆ ಅದನ್ನು ಬಿಡಿಸಲು ಹತ್ತು ದಿನ ಬೇಕಾಯಿತು.

ಆಮೇಲೆ ನಿಮಗೆ ನೀವೇ ಸಂಬಳ ಗೊತ್ತುಮಾಡಿ. ಹದಿನೈದು ಸಾವಿರವೋ ಮೂವತ್ತು ಸಾವಿರವೋ, ಉದ್ಯಮ ತಡೆದುಕೊಳ್ಳುವಷ್ಟು. ತಿಂಗಳ ಒಂದೇ ದಿನ ಅದನ್ನು ಮನೆಯ ಖಾತೆಗೆ ಹಾಕಿ. ಮಧ್ಯದಲ್ಲಿ ಗಲ್ಲಾದಿಂದ ಮೀನಿಗೆ 300, ಪೂಜೆಗೆ 500 ತೆಗೆಯಲೇಬೇಕಾಗಿ ಬಂತು ಅಂತಿಟ್ಟುಕೊಳ್ಳಿ. ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ, ಆದರೆ ಒಂದು ಚೀಟಿ ಬರೆದು ಅಲ್ಲೇ ಹಾಕಿ. ತಿಂಗಳ ಕೊನೆಗೆ ಚೀಟಿಗಳನ್ನು ಕೂಡಿಸಿ ಸಂಬಳದಿಂದ ಕಳೆಯಿರಿ. ಮೊದಲ ತಿಂಗಳು ನನ್ನ ಚೀಟಿಗಳ ಮೊತ್ತ 11,400 ಬಂತು. ಸುಮ್ನೆ ಚಿಲ್ಲರೆ ಅಂದುಕೊಂಡಿದ್ದೆ.

ಇನ್ನೊಂದು ಖಾತೆಯೂ ಬೇಕು. ಅದು ತೆರಿಗೆಗೆ. ಯಾಕೆ ಅಂತ ಮುಂದೆ ಜಿಎಸ್‌ಟಿ ಬರುವಾಗ ಹೇಳುತ್ತೇನೆ.

ಹೆಜ್ಜೆ 2: ದಿನದ ಪುಸ್ತಕ

ನನ್ನ ಸೋದರಮಾವ ನೀರ್ಚಾಲಿನ ಕಡೆ ಜಿನಸಿನ ಅಂಗಡಿ ಇಟ್ಟಿದ್ದರು. ರಾತ್ರಿ ಬಾಗಿಲು ಹಾಕುವ ಮೊದಲು ಉದ್ದದ ಪುಸ್ತಕ ತೆಗೆದು ಎಡಗಡೆ ಜಮಾ, ಬಲಗಡೆ ಖರ್ಚು ಬರೆದು, ಗಲ್ಲಾ ಎಣಿಸಿ, ಎರಡೂ ತಾಳೆ ಆಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಈಗ ಟ್ಯಾಲಿ ಇದೆ, ಮೊಬೈಲ್ ಆ್ಯಪ್ ಇದೆ. ಯಾವುದಾದರೂ ಸರಿ. ಆದರೆ ಎಣಿಸುವ ಅಭ್ಯಾಸ ಆ್ಯಪ್ ಕೊಡುವುದಿಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು. ಬೆಳಗ್ಗೆ ಎಷ್ಟಿತ್ತು, ಯಾರಿಂದ ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು, ರಾತ್ರಿ ಎಷ್ಟು ಇರಬೇಕು, ನಿಜವಾಗಿ ಎಷ್ಟು ಉಂಟು. ನಗದು ಒಂದು ಸಾಲು, ಬ್ಯಾಂಕು ಒಂದು ಸಾಲು. ವ್ಯತ್ಯಾಸ ಬಂದರೆ ಅವತ್ತೇ ಹುಡುಕಿ. ಮೂರು ದಿನ ಬಿಟ್ಟರೆ ಸಿಗುವುದಿಲ್ಲ.

ದುಡ್ಡು ತರುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಆಗಲಿ. ನಮ್ಮ ಲೈನಿಗೆ, ಅಂದರೆ ಅಂಗಡಿ ಅಂಗಡಿಗೆ ಮಾಲು ಹಾಕಲು, ಹೋಗುವ ಹುಡುಗ ಒಬ್ಬ ಸೋಮವಾರದ ವಸೂಲಿಯನ್ನು ಬುಧವಾರ ಕೊಡುತ್ತಿದ್ದ. ಕದಿಯುತ್ತಿರಲಿಲ್ಲ, ಮಧ್ಯದಲ್ಲಿ ತಿರುಗಿಸುತ್ತಿದ್ದ. ಅಂಗಡಿಯವರು ಹಣ ಕೊಟ್ಟ ಕೂಡಲೇ ಅವರಿಗೆ ನಮ್ಮಿಂದ ವಾಟ್ಸ್ಆ್ಯಪಿನಲ್ಲಿ ರಶೀದಿ ಹೋಗುವಂತೆ ಮಾಡಿದ ಮೇಲೆ ಅದು ನಿಂತಿತು. ಜಗಳ ಮಾಡಬೇಕಾಗಿ ಬರಲಿಲ್ಲ.

ನಗದಿನ ಬಗ್ಗೆ ಆದಾಯ ತೆರಿಗೆಯ ಕೆಲವು ಮಿತಿಗಳನ್ನು ಗೋಡೆಗೆ ಬರೆದು ಅಂಟಿಸಿ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕದಲ್ಲಿ ಒಪ್ಪುವುದಿಲ್ಲ. ಬೆಳೆದ ರೈತರಿಂದಲೇ ನೇರವಾಗಿ ಬೆಳೆ ಕೊಂಡರೆ ಅದಕ್ಕೆ ವಿನಾಯಿತಿ ಇದೆ. ಮಧ್ಯದ ವ್ಯಾಪಾರಿಯಿಂದ ಕೊಂಡರೆ ಇಲ್ಲ. ಹಾಗಾಗಿ ಬಾಳೆಕಾಯಿ ಕೊಟ್ಟ ರೈತರ ಹೆಸರು, ಊರು, ತೂಕ, ಸಹಿ ಇರುವ ಒಂದು ಚೀಟಿ ಇಟ್ಟುಕೊಳ್ಳಿ. 20,000 ಅಥವಾ ಅದಕ್ಕಿಂತ ಹೆಚ್ಚಿನ ಕೈಸಾಲವನ್ನು ನಗದಿನಲ್ಲಿ ತೆಗೆದುಕೊಳ್ಳುವ ಹಾಗಿಲ್ಲ, ಪರಿಚಯದವರಾದರೂ ಸರಿ. ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಮೇಲೆ ನಗದು ಪಡೆಯುವ ಹಾಗೂ ಇಲ್ಲ.

ಹೆಜ್ಜೆ 3: ಒಂದು ಕಿಲೋದ ಲೆಕ್ಕ

ಇದನ್ನು ಮಾಡದೆ ರೇಟು ಹೇಳುವವರೇ ನಮ್ಮಲ್ಲಿ ಜಾಸ್ತಿ. "ಪಕ್ಕದವರು 380ಕ್ಕೆ ಕೊಡುತ್ತಾರೆ, ನಾವು 370ಕ್ಕೆ ಕೊಡುವ" ಅನ್ನುತ್ತಾರೆ. ಪಕ್ಕದವರ ಎಣ್ಣೆ ಯಾವುದು, ಬಾಡಿಗೆ ಎಷ್ಟು, ಅವರಿಗೆ ನಿಜವಾಗಿ ಉಳಿಯುತ್ತದೋ ಇಲ್ಲವೋ ನಮಗೇನು ಗೊತ್ತು?

ಒಂದು ಕಿಲೋ ಸೋಂಟೆ ಮಾಡಲು ಏನೇನು ಹೋಗುತ್ತದೆ ಅಂತ ಬರೆಯಿರಿ. ಅರ್ಥವಾಗಲಿ ಅಂತ ಇಲ್ಲಿ ಗುಂಡು ಅಂಕಿಗಳನ್ನು ಹಾಕುತ್ತಿದ್ದೇನೆ, ನಿಮ್ಮದನ್ನು ನೀವೇ ತೂಗಿ ನೋಡಬೇಕು. ಸಿಪ್ಪೆ ಸಮೇತ ಕಾಯಿ ಮೂರುಕಾಲು ಕಿಲೋ, ಕಿಲೋಗೆ 40ರಂತೆ 130. ಸೋಂಟೆ ಕುಡಿಯುವ ಎಣ್ಣೆ 300 ಗ್ರಾಂ, 400ರ ದರದಲ್ಲಿ 120. ಉಪ್ಪು, ಅರಸಿನ 3. ಕವರು, ಸ್ಟಿಕ್ಕರು, ಪೆಟ್ಟಿಗೆ 12. ಕಟ್ಟಿಗೆ, ಗ್ಯಾಸು 15. ಕಿಲೋ ಲೆಕ್ಕದ ಕೂಲಿ 30. ಸಾಗಾಟ, ಪುಡಿಯಾಗಿ ವಾಪಸ್ ಬರುವ ಮಾಲು ಸೇರಿ 10. ಒಟ್ಟು 320. ಒಂದು ಕಿಲೋ ಮಾಡಿದರೆ ಮಾತ್ರ ಆಗುವ ಖರ್ಚು ಇದು, ಮಾಡದಿದ್ದರೆ ಇಲ್ಲ.

ಅಂಗಡಿಗೆ ತೆರಿಗೆ ಬಿಟ್ಟು 380ಕ್ಕೆ ಕೊಟ್ಟರೆ ಕಿಲೋಗೆ 60 ರೂಪಾಯಿ ಕೈಯಲ್ಲಿ ಉಳಿಯಿತು. ಇದನ್ನೇ ಲಾಭ ಅಂದುಕೊಂಡು ಕುಣಿಯಬೇಡಿ. ಒಂದು ಕಿಲೋ ಮಾಡಿದರೂ ಮಾಡದಿದ್ದರೂ ತಿಂಗಳಾದರೆ ಬಂದು ನಿಲ್ಲುವ ಖರ್ಚುಗಳು ಬೇರೆ ಇವೆ. ಬಾಡಿಗೆ 12,000, ಇಬ್ಬರು ಕಾಯಂ ಕೆಲಸದವರಿಗೆ 30,000, ಕರೆಂಟು 4,000, ಬಡ್ಡಿ 8,000, ಲೈಸೆನ್ಸು, ಫೋನು, ಆಡಿಟರ ಫೀಸು 6,000, ನಿಮ್ಮ ಸಂಬಳ 30,000. ಒಟ್ಟು 90,000.

90,000ವನ್ನು 60ರಿಂದ ಭಾಗಿಸಿದರೆ 1,500. ತಿಂಗಳಿಗೆ 1,500 ಕಿಲೋ ಮಾರಿದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 25 ದಿನ ಕೆಲಸ ಅಂತ ಹಿಡಿದರೆ ದಿನಕ್ಕೆ 60 ಕಿಲೋ. 61ನೆಯ ಕಿಲೋದಿಂದ ಲಾಭ ಶುರು.

ಈ ಒಂದು ಲೆಕ್ಕ ಕೈಯಲ್ಲಿದ್ದರೆ ಎಷ್ಟು ಪ್ರಶ್ನೆಗೆ ಉತ್ತರ ಸಿಗುತ್ತದೆ ನೋಡಿ. ದೊಡ್ಡ ಸೂಪರ್ ಮಾರ್ಕೆಟಿನವರು "ಕಿಲೋಗೆ ಹತ್ತು ರೂಪಾಯಿ ಮಾತ್ರ ಕಡಿಮೆ ಮಾಡಿ" ಅನ್ನುತ್ತಾರೆ. ಎಲ್ಲರಿಗೂ ಹಾಗೆ ಇಳಿಸಿದರೆ 60 ಇದ್ದದ್ದು 50 ಆಗುತ್ತದೆ, 1,500 ಇದ್ದದ್ದು 1,800 ಆಗುತ್ತದೆ. ಹತ್ತು ರೂಪಾಯಿಗೆ ತಿಂಗಳಿಗೆ 300 ಕಿಲೋ ಜಾಸ್ತಿ ಹುರಿಯಬೇಕು, ಅದೂ ಬರೀ ನಿಂತಲ್ಲೇ ನಿಲ್ಲಲು. ನಿಮ್ಮ ಬಾಣಲೆಗೆ, ಕೆಲಸದವರಿಗೆ ಅದು ಆಗುತ್ತದಾ?

ಎಣ್ಣೆಯ ಕತೆ ಇನ್ನೂ ಜೋರು. 2025ರ ಮಳೆಗಾಲದ ಹೊತ್ತಿಗೆ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿತು, ನೆನಪಿರಬಹುದು. ಮೇಲಿನ ಲೆಕ್ಕದಲ್ಲಿ ಎಣ್ಣೆಗೆ 400ರ ಬದಲು 220 ಹಾಕಿ ನೋಡಿ. ಕಿಲೋಗೆ ಉಳಿಯುವುದು 60 ಅಲ್ಲ, 114. ಆಗ ತಿಂಗಳಿಗೆ 790 ಕಿಲೋ ಮಾರಿದರೆ ಸಾಕು. ಅಂದರೆ ಎಣ್ಣೆ ಏರುವಾಗ ರೇಟು ಏರಿಸದೆ ಕೂತವರು ಹೆಚ್ಚುಕಮ್ಮಿ ಎರಡು ಪಾಲು ದುಡಿದು ಅಲ್ಲೇ ಇದ್ದರು. ನಾನೂ ಎರಡು ತಿಂಗಳು ಕೂತಿದ್ದೆ, ಗಿರಾಕಿ ಬಿಟ್ಟು ಹೋದರೆ ಅಂತ ಹೆದರಿ. ಕೊನೆಗೆ ಪ್ಯಾಕೆಟಿನ ತೂಕ 200 ಗ್ರಾಂನಿಂದ 170ಕ್ಕೆ ಇಳಿಸಿ, ಲೇಬಲ್ ಬದಲಿಸಿ, ಅಂಗಡಿಯವರಿಗೆ ಮೊದಲೇ ಹೇಳಿ ದಾಟಿದೆವು. ಹೇಳದೆ ಇಳಿಸಬೇಡಿ. ತೂಕ ಕಡಿಮೆಯಾದದ್ದು ಮೊದಲು ಗೊತ್ತಾಗುವುದು ಅಂಗಡಿಯವರಿಗೇ.

ತಿಂಗಳಿಗೊಮ್ಮೆ ಈ ಕಾಗದವನ್ನು ಹೊಸದಾಗಿ ಬರೆಯಿರಿ. ಕಾಯಿ ಅಥವಾ ಎಣ್ಣೆ ಶೇ. 10ಕ್ಕಿಂತ ಜಾಸ್ತಿ ಏರಿಳಿದರೆ ತಿಂಗಳು ಕಾಯಬೇಡಿ.

ಹೆಜ್ಜೆ 4: ದುಡ್ಡು ಎಷ್ಟು ದಿನ ಹೊರಗೆ ಇರುತ್ತದೆ

ನನ್ನ 18 ಸಾವಿರದ ಪ್ರಶ್ನೆಗೆ ಉತ್ತರ ಇಲ್ಲಿ ಇತ್ತು.

ಇವತ್ತು ಒಬ್ಬ ರೈತರಿಗೆ ಕಾಯಿಯ ದುಡ್ಡು ಕೊಟ್ಟಿರಿ. ಆ ಕಾಯಿ ಸೋಂಟೆಯಾಗಿ, ಪ್ಯಾಕೆಟಾಗಿ, ನಿಮ್ಮಲ್ಲೇ ಹತ್ತು ದಿನ ಕೂತು ಅಂಗಡಿಗೆ ಹೋಗುತ್ತದೆ. ಅಂಗಡಿಯವರು 40 ದಿನ ಬಿಟ್ಟು ದುಡ್ಡು ಕೊಡುತ್ತಾರೆ. ಅಂದರೆ ಇವತ್ತು ಹೋದ ರೂಪಾಯಿ ವಾಪಸ್ ಬರುವುದು 50 ದಿನಕ್ಕೆ. ಈ 50 ದಿನ ನೀವು ಸುಮ್ಮನಿರುವುದಿಲ್ಲ, ಪ್ರತಿದಿನ 60 ಕಿಲೋ ಮಾಡುತ್ತಲೇ ಇರುತ್ತೀರಿ. ದಿನಕ್ಕೆ 60 ಕಿಲೋ ಅಂದರೆ 320ರಂತೆ 19,200 ರೂಪಾಯಿ. 50 ದಿನಕ್ಕೆ 9,60,000. ರಜಾ ದಿನಗಳನ್ನು ಕಳೆದರೆ ಸ್ವಲ್ಪ ಕಡಿಮೆ, ಆದರೂ ಎಂಟು ಲಕ್ಷದ ಹತ್ತಿರದ ದುಡ್ಡು ಯಾವಾಗಲೂ ರಸ್ತೆಯಲ್ಲೇ ಇರುತ್ತದೆ. ಇದನ್ನೇ ದುಡಿಯುವ ಬಂಡವಾಳ ಅನ್ನುವುದು. ಯಂತ್ರಕ್ಕೆ ಮಾತ್ರ ದುಡ್ಡು ಹೊಂದಿಸಿಕೊಂಡು ಶುರು ಮಾಡುವವರು ಮುಗ್ಗರಿಸುವುದು ಇಲ್ಲೇ.

ಎಣ್ಣೆಯವರು ಒಂದು ವಾರ ಬಿಟ್ಟು ದುಡ್ಡು ತೆಗೆದುಕೊಂಡರೆ ಸುಮಾರು 42 ಸಾವಿರದಷ್ಟು ಭಾರ ಅವರ ತಲೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡದು ಅಂಗಡಿಯ ಬಾಕಿ. 40 ದಿನವನ್ನು 25ಕ್ಕೆ ತಂದರೆ 15 ದಿನದ ದುಡ್ಡು, ಅಂದರೆ ರಜಾ ಕಳೆದರೂ 2,40,000 ನಿಮ್ಮ ಕೈಗೆ ಬರುತ್ತದೆ. ಒಂದು ಪ್ಯಾಕೆಟ್ ಜಾಸ್ತಿ ಮಾರದೆ, ಒಂದು ರೂಪಾಯಿ ಸಾಲ ತೆಗೆಯದೆ.

ಅದಕ್ಕೇ ನಾನು ಮಾರಾಟ ಏರಿತು ಅಂತ ಯಾರಾದರೂ ಹೇಳಿದರೆ ಈಗ ಮೊದಲು ಕೇಳುವುದು, "ಎಷ್ಟು ದಿನದ ಕಡಕ್ಕೆ?" ಮಾರಾಟ ಎರಡು ಪಾಲಾದರೆ ರಸ್ತೆಯ ಮೇಲಿನ ದುಡ್ಡೂ ಎರಡು ಪಾಲು ಬೇಕು. ಒಳ್ಳೆಯ ಆರ್ಡರು ಬಂದು ಮುಳುಗಿದವರನ್ನು ನಾನು ನೋಡಿದ್ದೇನೆ.

ಹೆಜ್ಜೆ 5: ಬಾಕಿ ವಸೂಲಿ

ನಮ್ಮ ಊರಿನಲ್ಲಿ ಇದು ಲೆಕ್ಕಕ್ಕಿಂತ ಮುಖದ ವಿಷಯ. ಅಂಗಡಿಯವರು ನೆಂಟರೋ, ಒಟ್ಟಿಗೆ ಓದಿದವರೋ, ದೇವಸ್ಥಾನದ ಸಮಿತಿಯಲ್ಲಿ ಇರುವವರೋ ಆಗಿರುತ್ತಾರೆ. ಕೇಳಲು ನಾಚಿಕೆ. ಹಾಗಾಗಿ ಮಾಲು ಇಳಿಸುವ ಮೊದಲೇ ಮಾತಾಡಿ ಮುಗಿಸಿ. "ಅಣ್ಣಾ, ನಮ್ಮದು ಬಿಲ್ಲಿಗೆ ಬಿಲ್ಲು. ಹೊಸ ಮಾಲು ಇಳಿಸುವಾಗ ಹಳೆ ಬಿಲ್ಲು ಕೊಡಬೇಕು." ಇಷ್ಟೇ. ಮೊದಲ ದಿನ ಹೇಳಿದರೆ ಯಾರೂ ಬೇಜಾರು ಮಾಡುವುದಿಲ್ಲ, ಆರು ತಿಂಗಳ ಮೇಲೆ ಹೇಳಿದರೆ ಮಾಡುತ್ತಾರೆ.

ಬಾಕಿಯ ಪಟ್ಟಿಯನ್ನು ಹೆಸರಿನ ಪ್ರಕಾರ ಬರೆಯಬೇಡಿ, ವಯಸ್ಸಿನ ಪ್ರಕಾರ ಬರೆಯಿರಿ. 15 ದಿನದ ಒಳಗಿನದು, 15ರಿಂದ 30, 30ರಿಂದ 60, ಅದಕ್ಕಿಂತ ಹಳತು. ಕೊನೆಯ ಸಾಲಿಗೆ ಬಂದವರಿಗೆ ಮಾಲು ನಿಲ್ಲಿಸಿ, ದುಡ್ಡು ಕೊಟ್ಟರೆ ಮಾತ್ರ ಹೊಸದು. ಗಡಿಯಾಚೆ ಒಂದು ಅಂಗಡಿ 63,000 ಬಾಕಿ ಇಟ್ಟು ಬಾಗಿಲು ಹಾಕಿತು. ಆಮೇಲೆ ಪಟ್ಟಿ ತೆಗೆದು ನೋಡಿದರೆ ಮೂರು ತಿಂಗಳಿಂದ ಅವರು ಪ್ರತಿ ಸಲ ಸ್ವಲ್ಪ ಸ್ವಲ್ಪ ಕಡಿಮೆ ಕೊಡುತ್ತಾ ಬಂದದ್ದು ಕಾಣುತ್ತಿತ್ತು. ಕಣ್ಣ ಮುಂದೆಯೇ ಇತ್ತು, ನೋಡಿದವರಿಲ್ಲ.

ದೊಡ್ಡ ಗಿರಾಕಿಗಳಿಗೆ ಒಂದು ಕಾನೂನು ಕೂಡ ಇದೆ. ಉದ್ಯಮ್ ಅನ್ನುವ, ಸಣ್ಣ ಉದ್ಯಮಗಳ ಸರಕಾರಿ ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸರಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ, ಅದಕ್ಕೆ ಸಾವಿರ ಎರಡು ಸಾವಿರ ಕೇಳುವ ಏಜೆಂಟರಿಗೆ ಕೈಮುಗಿಯಿರಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸಣ್ಣ, ಅತಿಸಣ್ಣ ತಯಾರಕರಿಂದ ಮಾಲು ಕೊಂಡವರು ಬರೆದ ಒಪ್ಪಂದ ಇದ್ದರೂ 45 ದಿನದ ಒಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2023–24ನೇ ಸಾಲಿನಿಂದ ಇನ್ನೊಂದು ಬಂದಿದೆ. ಹೀಗೆ ತಡಮಾಡಿದ ಮೊತ್ತವನ್ನು ಕೊಂಡವರು ನಿಜವಾಗಿ ಕೊಡುವವರೆಗೆ ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಲು ಆಗುವುದಿಲ್ಲ. ಹಾಗಾಗಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಹಾಕಿ. ಮಾರ್ಚಿನಲ್ಲಿ ಅವರ ಅಕೌಂಟೆಂಟರೇ ಫೋನು ಮಾಡುತ್ತಾರೆ. ಆದರೆ ಬಸ್‌ಸ್ಟ್ಯಾಂಡಿನ ಗೂಡಂಗಡಿಯವರಿಗೆ ಈ ಕಾಯ್ದೆ ಓದಿ ಹೇಳಲು ಹೋಗಬೇಡಿ. ಅಲ್ಲಿ ಬಿಲ್ಲಿಗೆ ಬಿಲ್ಲೇ ಸರಿ.

ಹೆಜ್ಜೆ 6: ಜಿಎಸ್‌ಟಿ, ನಮ್ಮ ಗಡಿ

ಮಂಗಳೂರಿನವರಿಗೋ ಕೋಯಿಕ್ಕೋಡಿನವರಿಗೋ ಇಲ್ಲದ ಒಂದು ತಲೆನೋವು ನಮಗೆ ಉಂಟು. ನಮ್ಮ ಗಿರಾಕಿ ಹದಿನೈದು ಕಿಲೋಮೀಟರಿನ ಆಚೆ ಇದ್ದರೂ ಬೇರೆ ರಾಜ್ಯದಲ್ಲಿ ಇರುತ್ತಾರೆ.

ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಅದು ರಾಜ್ಯದ ಒಳಗೆ ಮಾರುವಾಗ ಮಾತ್ರ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕು. ಪೆರ್ಲದ ಅಂಗಡಿಗೆ ಕೊಟ್ಟರೆ ಬೇಡ, ಅಡ್ಕಸ್ಥಳ ದಾಟಿ ವಿಟ್ಲಕ್ಕೆ ಕೊಟ್ಟರೆ ಬೇಕು. ಮಂಜೇಶ್ವರದಲ್ಲಿ ಬೇಡ, ತಲಪಾಡಿಯ ಆಚೆ ಬೇಕು. ಮೊದಲ ಆರು ತಿಂಗಳು ಇದು ಗೊತ್ತಿಲ್ಲದೆ ಬೈಕಿನಲ್ಲಿ ಮಾಲು ಕಟ್ಟಿಕೊಂಡು ಹೋಗುವವರು ಈಗಲೂ ಇದ್ದಾರೆ.

ಇನ್ನೊಂದು ಗುಂಡಿ ಕಾಂಪೊಸಿಷನ್ ಸ್ಕೀಮ್. ಒಂದೂವರೆ ಕೋಟಿವರೆಗಿನ ವಹಿವಾಟಿಗೆ, ತಯಾರಕರು ಶೇ. 1 ಕಟ್ಟಿದರೆ ಮುಗಿಯಿತು, ರಗಳೆ ಕಡಿಮೆ. ಆದರೆ ಅದರಲ್ಲಿ ಇರುವವರು ಬೇರೆ ರಾಜ್ಯಕ್ಕೆ ಸರಕು ಮಾರುವ ಹಾಗೇ ಇಲ್ಲ. ಗಿರಾಕಿಯಿಂದ ತೆರಿಗೆ ವಸೂಲು ಮಾಡುವ ಹಾಗಿಲ್ಲ, ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದೂ ಇಲ್ಲ. ನಮ್ಮಂಥವರಿಗೆ, ಅರ್ಧ ಮಾಲು ದಕ್ಷಿಣ ಕನ್ನಡಕ್ಕೆ ಹೋಗುವಾಗ, ಅದು ಆಗುವ ಮಾತಲ್ಲ. ಬರೀ ಕಾಸರಗೋಡಿನ ಒಳಗೆ ಮಾರುವವರಿಗೆ ಒಳ್ಳೆಯದೇ.

ಬಿಲ್ಲಿನಲ್ಲೂ ಎಚ್ಚರ ಬೇಕು. ಕುಂಬಳೆಯ ಅಂಗಡಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಶೇ. ಎರಡೂವರೆ, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಶೇ. ಎರಡೂವರೆ. ಗಡಿಯಾಚೆ ಪುತ್ತೂರಿನ ಅಂಗಡಿಗೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಮಾರುವಾಗಿನದು) ಶೇ. ಐದು. ಒಟ್ಟು ಒಂದೇ, ಆದರೆ ತಪ್ಪು ಕಾಲಂಗೆ ಹಾಕಿದರೆ ಸರಿಯಾದದ್ದನ್ನು ಇನ್ನೊಮ್ಮೆ ಕಟ್ಟಿ, ತಪ್ಪಿದ್ದನ್ನು ವಾಪಸ್ ಕೇಳುತ್ತಾ ಅಲೆಯಬೇಕು. ಗಡಿ ದಾಟುವ ಗಾಡಿಯಲ್ಲಿ ಮಾಲಿನ ಬೆಲೆ 50,000 ಮೀರಿದರೆ ಇ–ವೇ ಬಿಲ್, ಅಂದರೆ ಪೋರ್ಟಲ್‌ನಲ್ಲಿ ತೆಗೆಯುವ ಸಾಗಾಟದ ಚೀಟಿ, ಇರಲೇಬೇಕು.

ಲೇಬಲ್ ಹಚ್ಚಿದ ಪ್ಯಾಕೆಟ್ ಸೋಂಟೆಗೆ ಮೊದಲು ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ಈಗ 10,000ದ ಬಿಲ್ಲಿಗೆ 500 ತೆರಿಗೆ ಸೇರಿ 10,500 ಬರುತ್ತದೆ. ಆ 500 ನಿಮ್ಮದಲ್ಲ, ಸರಕಾರದ್ದು, ನಿಮ್ಮ ಖಾತೆಯಲ್ಲಿ ಕೆಲವು ದಿನ ಕೂತಿದೆ ಅಷ್ಟೆ. ನಾನು ಹೇಳಿದ ಎರಡನೇ ಖಾತೆ ಇದಕ್ಕೇ. ದುಡ್ಡು ಬಂದ ದಿನವೇ ತೆರಿಗೆಯ ಪಾಲನ್ನು ಅದಕ್ಕೆ ದಾಟಿಸಿ. ಎಣ್ಣೆಗೆ ಕೊಟ್ಟ ಶೇ. 5, ಪ್ಲಾಸ್ಟಿಕ್ ಕವರಿಗೆ ಕೊಟ್ಟ ಶೇ. 18 ಅದರಿಂದ ಕಳೆಯುತ್ತದೆ, ಆದರೆ ಮಾರಿದವರು ತಮ್ಮ ರಿಟರ್ನಿನಲ್ಲಿ ನಿಮ್ಮ ಬಿಲ್ಲು ತೋರಿಸಿದರೆ ಮಾತ್ರ. ಕಟ್ಟುವ ಮೊದಲು ಪೋರ್ಟಲ್‌ನ 2ಬಿ ಪಟ್ಟಿಯನ್ನು (ಮಾರಿದವರು ತೋರಿಸಿದ ಬಿಲ್ಲುಗಳು ಇರುವುದು ಇದರಲ್ಲಿ) ನಿಮ್ಮ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ, ಕಾಣದವರಿಗೆ ಫೋನು ಮಾಡಿ.

ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಜಿಎಸ್‌ಟಿ ಕಟ್ಟುವುದು ಬಿಲ್ಲು ಹಾಕಿದ ತಿಂಗಳಿನ ಲೆಕ್ಕದಲ್ಲಿ, ದುಡ್ಡು ಬಂದ ತಿಂಗಳಿನ ಲೆಕ್ಕದಲ್ಲಿ ಅಲ್ಲ. ಅಂಗಡಿಯವರು ಇನ್ನೂ ಕೊಟ್ಟಿಲ್ಲ, ಆದರೂ ನೀವು ಕಟ್ಟಬೇಕು. ತಿಂಗಳ ರಿಟರ್ನ್ ಆದರೆ ಮುಂದಿನ ತಿಂಗಳ 20ರೊಳಗೆ. 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ತೆಗೆದುಕೊಳ್ಳಬಹುದು, ಆದರೆ ತೆರಿಗೆಯನ್ನು ತಿಂಗಳು ತಿಂಗಳು ಕಟ್ಟುತ್ತಲೇ ಇರಬೇಕು. ತಡವಾದರೆ ಶೇ. 18 ಬಡ್ಡಿ. 40 ದಿನದ ಕಡ ಕೊಡುವವರು ಅಂಗಡಿಯವರ ತೆರಿಗೆಯನ್ನು ತಮ್ಮ ಜೇಬಿನಿಂದ ಕಟ್ಟುತ್ತಿದ್ದಾರೆ ಅಂತ ಅರ್ಥ.

ಹಾಳೆ ತಟ್ಟೆ ಮಾಡುವವರಿಗೆ ಈ ಹೆಜ್ಜೆಯಲ್ಲಿ ಸ್ವಲ್ಪ ಸುಖ. ಎಲೆ, ತೊಗಟೆಯ ತಟ್ಟೆ ಬಟ್ಟಲುಗಳಿಗೆ 2019ರ ಅಕ್ಟೋಬರಿನಿಂದ ಜಿಎಸ್‌ಟಿ ಇಲ್ಲ.

ಹೆಜ್ಜೆ 7: ಆಟಿಯ ಲೆಕ್ಕ

ದೊಡ್ಡ ಕಂಪನಿಯವರು ಹದಿಮೂರು ವಾರದ ಹಣದ ಮುನ್ನೋಟ ಅಂತ ಮಾಡುತ್ತಾರೆ. ನಾವು ನಾಲ್ಕು ಹಾಳೆ ಅಂಟಿಸಿ ಮಾಡಿದೆವು. ಮೇಲೆ ವಾರಗಳು. ಕೆಳಗೆ ಆ ವಾರ ಬರುವ ದುಡ್ಡು, ಹೋಗುವ ದುಡ್ಡು, ವಾರದ ಕೊನೆಗೆ ಉಳಿಯುವುದು. ಬರುವ ದುಡ್ಡಿನ ಸಾಲಿನಲ್ಲಿ ಮಾರಾಟವನ್ನು ಬರೆಯಬೇಡಿ, ವಸೂಲಿಯನ್ನು ಬರೆಯಿರಿ. ಆ ಅಂಗಡಿಯವರು ಯಾವ ವಾರ ಕೊಡುವವರು ಅಂತ ನಿಮಗೆ ಗೊತ್ತಿರುತ್ತದಲ್ವಾ, ಆ ವಾರಕ್ಕೆ.

ಈ ಹಾಳೆಯಲ್ಲಿ ಆಟಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಬರುವುದನ್ನು ಜೂನ್ ಮೊದಲಲ್ಲೇ ನೋಡಬಹುದು. ಆಟಿ ತಿಂಗಳು ನಮ್ಮಲ್ಲಿ ಮದುವೆ ಇಲ್ಲ, ಜಾತ್ರೆ ಇಲ್ಲ, ಜೋರು ಮಳೆ, ಅಂಗಡಿಗಳು ಖಾಲಿ. ವಸೂಲಿ ನಿಲ್ಲುತ್ತದೆ. ಅದು ಮುಗಿದ ಬೆನ್ನಿಗೆ ಓಣಂ, ಆಚೆ ಕಡೆ ಚೌತಿ. ಓಣಂಗೆ ಸೋಂಟೆ ಕೊಡಬೇಕಾದರೆ ಕಾಯಿ, ಎಣ್ಣೆ, ಕವರು ಆಟಿಯಲ್ಲೇ ಕೊಳ್ಳಬೇಕು, ಅದೂ ನೇಂದ್ರ ಕಾಯಿಯ ರೇಟು ಏರುವ ಹೊತ್ತಿನಲ್ಲಿ. ಕೆಲಸದವರಿಗೆ ಓಣಂ ಬೋನಸ್ ಕೂಡ ಕೊಡಬೇಕು. ಹಾಗಾಗಿ ವರ್ಷದಲ್ಲಿ ಅತಿ ಹೆಚ್ಚು ದುಡ್ಡು ಬೇಕಾಗುವ ನಾಲ್ಕು ವಾರವೂ ಅತಿ ಕಡಿಮೆ ದುಡ್ಡು ಇರುವ ನಾಲ್ಕು ವಾರವೂ ಒಂದೇ.

ನಾವು ಈಗ ಏಪ್ರಿಲ್, ಮೇ ತಿಂಗಳ ಮದುವೆ ಸೀಸನಿನಲ್ಲಿ ಪ್ರತಿ ವಾರ ಇಂತಿಷ್ಟು ಅಂತ ಬೇರೆ ತೆಗೆದಿಡುತ್ತೇವೆ. ಅದರ ಹೆಸರೇ ಆಟಿ ದುಡ್ಡು. ಜೊತೆಗೆ ಒಂದೂವರೆ ತಿಂಗಳ ಕಾಯಂ ಖರ್ಚು, ನಮ್ಮ ಲೆಕ್ಕದಲ್ಲಿ 1,35,000, ಎಫ್‌ಡಿಯಲ್ಲಿ ಮುಟ್ಟದೆ ಇಟ್ಟಿದ್ದೇವೆ. 2020ರ ಮಾರ್ಚ್ ಕೊನೆಗೆ, ಕೊರೋನಾ ಹೊತ್ತಿನಲ್ಲಿ, ಗಡಿ ಮುಚ್ಚಲು ರಸ್ತೆಗಳ ಮೇಲೆ ಮಣ್ಣಿನ ರಾಶಿ ಬಿದ್ದದ್ದನ್ನು ನೋಡಿದವರಿಗೆ ಇದು ಯಾಕೆ ಅಂತ ವಿವರಿಸಬೇಕಾಗಿಲ್ಲ. ಅರ್ಧ ಗಿರಾಕಿ ಒಂದೇ ರಾತ್ರಿಯಲ್ಲಿ ಆಚೆ ಉಳಿದರು.

ಒಮ್ಮೆ ಮಾತ್ರ ಬರುವ ಮಾರಾಟವನ್ನು ಮುಂದಿನ ವರ್ಷದ ಅಂದಾಜಿಗೆ ಸೇರಿಸಬೇಡಿ. 2025ರಲ್ಲಿ ಮಧೂರು ದೇವಸ್ಥಾನದಲ್ಲಿ ಎಷ್ಟೋ ವರ್ಷಕ್ಕೊಮ್ಮೆ ನಡೆಯುವ ಮೂಡಪ್ಪ ಸೇವೆಯ ಹೊತ್ತಿಗೆ ಈ ಕಡೆ ಯಾರ ಅಂಗಡಿಯಲ್ಲಿ ನೋಡಿದರೂ ಜನ. ಆ ತಿಂಗಳ ಅಂಕಿ ನೋಡಿ ಇನ್ನೊಂದು ಬಾಣಲೆ ಹಾಕಲು ಹೊರಟಿದ್ದ ನನ್ನನ್ನು ತಡೆದದ್ದು ಮನೆಯವರು. "ಮೂಡಪ್ಪ ಪ್ರತಿ ವರ್ಷ ಬರುತ್ತದಾ?" ಅಂತ ಒಂದೇ ಮಾತು.

ಹೆಜ್ಜೆ 8: ಸಾಲ ತೆಗೆಯುವಾಗ

ಯಂತ್ರಕ್ಕೆ ಟರ್ಮ್ ಲೋನು, ಅಂದರೆ ಕಂತಿನಲ್ಲಿ ತೀರಿಸುವ ಸಾಲ. ಮಾಲಿಗೆ ಓಡಿ (ಓವರ್‌ಡ್ರಾಫ್ಟ್) ಅಥವಾ ಕ್ಯಾಶ್ ಕ್ರೆಡಿಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಬಂದಾಗ ಕಟ್ಟುವ ಸಾಲ. ಇದನ್ನು ಅದಲುಬದಲು ಮಾಡಬೇಡಿ. ಓಡಿ ದುಡ್ಡಿನಿಂದ ಯಂತ್ರ ಕೊಂಡರೆ ಆಟಿಯಲ್ಲಿ ಓಡಿಯಿಂದ ತೆಗೆಯಲು ಏನೂ ಉಳಿದಿರುವುದಿಲ್ಲ. ನಾನು ಮಾಡಿದ್ದು ಅದೇ ತಪ್ಪು, ಆ ಹೆರೆಯುವ ಯಂತ್ರ.

ಬಡ್ಡಿ ಕೇಳುವಾಗ ಎಷ್ಟು ಅಂತ ಮಾತ್ರ ಕೇಳಬೇಡಿ, ಫ್ಲ್ಯಾಟೋ ರೆಡ್ಯೂಸಿಂಗೋ ಕೇಳಿ. 5 ಲಕ್ಷ, ಶೇ. 11, 5 ವರ್ಷ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಆದರೆ ಕಂತು 10,871. ಫ್ಲ್ಯಾಟ್ ಆದರೆ, ಅಂದರೆ ಕೊನೆಯವರೆಗೂ ಪೂರ್ತಿ 5 ಲಕ್ಷದ ಮೇಲೆಯೇ ಬಡ್ಡಿ ಆದರೆ, 12,917. ಆಗ ನಿಜವಾದ ಬಡ್ಡಿ ಶೇ. 19ರ ಹತ್ತಿರ. ಎರಡೂ ಕಡೆ ಬೋರ್ಡಿನಲ್ಲಿ 11 ಅಂತಲೇ ಇರುತ್ತದೆ.

ಅಡವಿಡಲು ಏನೂ ಇಲ್ಲದವರಿಗೆ ಮುದ್ರಾ ಸಾಲ ಇದೆ. ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ, ಅದನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ. ಹೊಸದಾಗಿ ಶುರು ಮಾಡುವವರಿಗೆ ಪಿಎಂಇಜಿಪಿ ಅನ್ನುವ ಕೇಂದ್ರದ ಸಬ್ಸಿಡಿ ಸಾಲದ ಯೋಜನೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಶೇ. 35 ಸಬ್ಸಿಡಿ. ಅದು ನಿಮ್ಮ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲೇ 3 ವರ್ಷ ಬೇರೆ ಇಟ್ಟು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಮಾಡುತ್ತಾರೆ. ಅದನ್ನು ನಂಬಿ ಎಣ್ಣೆಗೆ ಆರ್ಡರ್ ಕೊಡಬೇಡಿ. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಕಾಗದ ಮಲಯಾಳದಲ್ಲಿ ಬಂದರೆ ಅರ್ಥವಾಗದೆ ಸಹಿ ಹಾಕಬೇಡಿ, ಗೊತ್ತಿರುವವರಿಂದ ಓದಿಸಿ.

ಚಿನ್ನ ಇಡುವುದನ್ನು ನಾನು ತಪ್ಪು ಅನ್ನುವುದಿಲ್ಲ. ಓಣಂ ಮಾಲಿಗೆ ಎರಡು ತಿಂಗಳು ಇಟ್ಟು ಬಿಡಿಸುವುದು ಬೇರೆ. ಸಂಬಳ ಕೊಡಲು ಬಳೆ ಇಡುವ ಸ್ಥಿತಿ ಬಂದರೆ ಮಾತ್ರ ಹೆಜ್ಜೆ 3ಕ್ಕೆ ವಾಪಸ್ ಹೋಗಿ. ಎಲ್ಲೋ ರೇಟು ತಪ್ಪಿದೆ.

ಹೆಜ್ಜೆ 9: ತಿಂಗಳ ಐದನೇ ತಾರೀಕು

ಒಂದು ಗಂಟೆ ಫೋನು ಪಕ್ಕಕ್ಕಿಟ್ಟು ಕೂತುಕೊಳ್ಳಿ. ಕಿಲೋಗೆ ಎಷ್ಟು ಉಳಿಯಿತು, ಎಷ್ಟು ಕಿಲೋ ಹೋಯಿತು, 30 ದಿನ ದಾಟಿದ ಬಾಕಿ ಎಷ್ಟು, ಮುಂದಿನ ಹದಿಮೂರು ವಾರದಲ್ಲಿ ಯಾವ ವಾರ ಮೈನಸ್. ಆಡಿಟರು ಕೊಡುವ ಲಾಭ–ನಷ್ಟದ ಹಾಳೆ ಒಂದು ವರ್ಷ ಏನಾಯಿತು ಅಂತ ಹೇಳುತ್ತದೆ, ಆಸ್ತಿ–ಹೊಣೆಯ ಹಾಳೆ ಮಾರ್ಚ್ 31ರ ಒಂದು ದಿನ ಏನಿತ್ತು ಅಂತ ಹೇಳುತ್ತದೆ. ಎರಡನ್ನೂ ಓದಿ, ಅರ್ಥವಾಗದ ಸಾಲು ಕೇಳಿ, ನೀವು ಫೀಸು ಕೊಡುತ್ತಿದ್ದೀರಿ. ಸವಕಳಿಯ, ಅಂದರೆ ಯಂತ್ರ ಸವೆದು ಬೆಲೆ ಇಳಿಯುವ ಲೆಕ್ಕದ, ಸಾಲನ್ನು ಮಾತ್ರ ಕಾಗದದ ಲೆಕ್ಕ ಅಂತ ಬಿಡಬೇಡಿ, ಅಷ್ಟು ದುಡ್ಡನ್ನು ನಿಜವಾಗಿಯೂ ಬೇರೆ ಇಡಿ. ಬಾಣಲೆ ಒಂದಲ್ಲ ಒಂದು ದಿನ ತೂತಾಗುತ್ತದೆ.

ಓಣಂ ಮುಗಿದ ಮೇಲೆ ಎರಡು ಮೂರು ವಾರ ಖಾತೆ ತುಂಬಿರುತ್ತದೆ. ಆಗ ನಾನು ಕೊಡುವ ಕ್ರಮ ಹೀಗೆ: ಮೊದಲು ತೆರಿಗೆಯ ಖಾತೆಗೆ ಅದರ ಪಾಲು, ಆಮೇಲೆ ಕಾಯಿಯ ರೈತರ ಉಳಿದ ಬಾಕಿ, ಆಮೇಲೆ ಎಣ್ಣೆ, ಆಮೇಲೆ ಓಡಿ ಪೂರ್ತಿ ಸೊನ್ನೆಗೆ, ಆಮೇಲೆ ಇಟ್ಟ ಚಿನ್ನ ಬಿಡಿಸುವುದು. ಅಷ್ಟಾದ ಮೇಲೂ ಉಳಿದರೆ ಅರ್ಧ ಎಫ್‌ಡಿಗೆ, ಅರ್ಧ ಮನೆಗೆ. ಕಳೆದ ವರ್ಷ ಮನೆಯ ಪಾಲಿಗೆ 22,000 ಬಂತು. ಮಾಡಿನ ಇನ್ನೊಂದು ಬದಿಗೆ ಶೀಟು ಹಾಕಿಸಿದೆವು, ಈ ಸಲ ನಮ್ಮದೇ ದುಡ್ಡಿನಲ್ಲಿ.